ಸೀಸ ಎಲ್ಲಿಗೆ ಹೋಯಿತು ಅಂತ ಕೇಳಿ

ನಮಸ್ಕಾರ.

‘ಬಂಡೆಯ ವಯಸ್ಸು ಎಂಬ ಬುರುಡೆ’ ಅಂತ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಒಳಗೆ ಒಂದು ಒಳ್ಳೆಯ ಪ್ರಶ್ನೆ ಇದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು. ಜಿರ್ಕಾನ್ ಹರಳಿನಲ್ಲಿರುವ ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ. ಎರಡನ್ನೂ ಅಳೆದು ವಯಸ್ಸು ಹೇಳುತ್ತಾರೆ. ಆದರೆ ಬಿಸಿಗೆ ಸೀಸ ಸೋರಿ ಹೋಗುತ್ತದೆ, ಹಾಗಾಗಿ ಬಂಡೆ ಇದ್ದದ್ದಕ್ಕಿಂತ ಹಳೆಯದಾಗಿ ಕಾಣುತ್ತದೆ.

ಕೊನೆಯ ಮಾತು ತಲೆಕೆಳಗಾಗಿದೆ. ಹುಂಡಿಗೆ ದಿನಕ್ಕೊಂದು ರೂಪಾಯಿ ಹಾಕುತ್ತಿದ್ದೀರಿ, ನಡುವೆ ಯಾರೋ ಸ್ವಲ್ಪ ಎಗರಿಸಿದರು ಅಂದುಕೊಳ್ಳಿ. ಎಣಿಸಿದವರಿಗೆ ಹುಂಡಿ ಇಟ್ಟು ಕಡಿಮೆ ದಿನ ಆಯಿತು ಅನ್ನಿಸುತ್ತದೆ, ಅಲ್ವಾ? ಸೀಸ ಹೋದರೆ ಬಂಡೆ ಎಳೆಯದಾಗಿ ಕಾಣಬೇಕು.

ಇನ್ನು ಜಿರ್ಕಾನ್‌ಗೆ ನೀವು ಕೊಟ್ಟ ಆ ‘ಸೋರುವ ಕೊಡ’ದ ಹೋಲಿಕೆ. ನಾಲ್ಕು ಸಲ ಬಂದಿದೆ, ನಾಲ್ಕು ಸಲವೂ ದಾರಿ ತಪ್ಪಿಸಿದೆ. ಗಟ್ಟಿಯಾದ ಜಿರ್ಕಾನ್‌ನಲ್ಲಿ 900 ಡಿಗ್ರಿ ದಾಟುವವರೆಗೆ ಸೀಸ ಜಾಗ ಬಿಟ್ಟು ಕದಲುವುದೇ ಕಷ್ಟ. ಅಪಟೈಟ್ ಅನ್ನುವ ಇನ್ನೊಂದು ಖನಿಜದಲ್ಲಾದರೆ 450–500 ಡಿಗ್ರಿ ಸಾಕು. ಅದಕ್ಕೇ ಒಂದೇ ಬಂಡೆಯ ಎರಡು ಖನಿಜ ಎರಡು ವಯಸ್ಸು ಹೇಳಬಹುದು. ನೀವು ಇದನ್ನು ‘ಗೊಂದಲ’ ಅಂತ ಬರೆದಿದ್ದೀರಿ. ಜಿರ್ಕಾನ್ ತಾನು ಹುಟ್ಟಿದ್ದು ಯಾವಾಗ ಅನ್ನುತ್ತದೆ, ಅಪಟೈಟ್ ಬಂಡೆ ತಣ್ಣಗಾದದ್ದು ಯಾವಾಗ ಅನ್ನುತ್ತದೆ. ಎರಡೂ ಬೇಕಾದ ಉತ್ತರಗಳೇ.

ಹಾಗಾದರೆ ಜಿರ್ಕಾನ್ ಸೀಸ ಕಳೆದುಕೊಳ್ಳುವುದೇ ಇಲ್ಲವಾ? ಕಳೆದುಕೊಳ್ಳುತ್ತದೆ. ಆದರೆ ನೀವು ಬರೀ ಬಿಸಿಯನ್ನು ಹಿಡಿದುಕೊಂಡಿದ್ದೀರಿ. ಯುರೇನಿಯಂ ಒಡೆಯುವಾಗ ಪರಮಾಣು ಬಂದೂಕಿನ ಹಾಗೆ ಹಿಂದಕ್ಕೆ ಒದೆಯುತ್ತದೆ, ಹರಳಿನ ಕಟ್ಟು ಒಳಗಿಂದಲೇ ಸಡಿಲವಾಗುತ್ತದೆ. ಅಲ್ಲಿಗೆ ನೀರು ಹೊಕ್ಕರೆ ಸೀಸ ಹೊರಬೀಳುತ್ತದೆ. 2005ರಲ್ಲಿ ಭೂವಿಜ್ಞಾನಿ ಮ್ಯಾಟಿನ್ಸನ್ ಇದಕ್ಕೆ ಉಪಾಯ ತೋರಿಸಿದರು. ಹರಳನ್ನು ಕುಲುಮೆಯಲ್ಲಿ ಚೆನ್ನಾಗಿ ಕಾಯಿಸಿ, ಆಮೇಲೆ ಹೈಡ್ರೋಫ್ಲೋರಿಕ್ ಆಮ್ಲಕ್ಕೆ ಹಾಕಬೇಕು. ಕೆಟ್ಟ ಭಾಗ ಮೊದಲು ಕರಗುತ್ತದೆ, ಉಳಿದ ಗಟ್ಟಿ ತಿರುಳನ್ನು ಅಳೆಯಬೇಕು. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಇನ್ನೊಂದು ದೊಡ್ಡ ವಿಷಯ ಬಿಟ್ಟಿದ್ದೀರಿ. ಯುರೇನಿಯಂನಲ್ಲಿ ಎರಡು ಬಗೆ, ಹಾಗಾಗಿ ಹರಳಿನಲ್ಲಿ ಗಡಿಯಾರ ಎರಡು. ಯುರೇನಿಯಂ-238ರ ಅರ್ಧಾಯು, ಅಂದರೆ ಅರ್ಧ ಭಾಗ ಒಡೆಯಲು ಹಿಡಿಯುವ ಕಾಲ, ಸುಮಾರು 447 ಕೋಟಿ ವರ್ಷ, ಯುರೇನಿಯಂ-235ರದ್ದು ಸುಮಾರು 70 ಕೋಟಿ. ಸೀಸ ಹೋಗಿದ್ದರೆ ಎರಡೂ ಒಂದೇ ವಯಸ್ಸು ಹೇಳುವುದಿಲ್ಲ. ಕಳ್ಳತನ ಅಲ್ಲೇ ಗೊತ್ತಾಗುತ್ತದೆ.

ಈಗ ನನಗೆ ಇಷ್ಟವಾದ ಭಾಗ. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್ ಜಿರ್ಕಾನ್ ಬಗ್ಗೆ ನೀವು ಎರಡೇ ಸಾಲು ಬರೆದು ಓಡಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು! ಅರ್ಧ ಮಿಲಿಮೀಟರ್ ಕೂಡ ಇಲ್ಲದ ಒಂದು ಹರಳು, ವಯಸ್ಸು 437 ಕೋಟಿ ವರ್ಷ. ನೀವು ಕೇಳಿದ ಅನುಮಾನವೇ ವಿಜ್ಞಾನಿಗಳಿಗೂ ಇತ್ತು. 2014ರಲ್ಲಿ ಭೂವಿಜ್ಞಾನಿ ವ್ಯಾಲಿ ಮತ್ತು ಸಂಗಡಿಗರು ಅದರ ಪರಮಾಣುಗಳನ್ನು ಒಂದೊಂದಾಗಿ ಎಣಿಸಿ ನೋಡಿದರು. ಸೀಸ ಕದಲಿದ್ದು ನಿಜ. ಸುಮಾರು 10 ನ್ಯಾನೋಮೀಟರ್‌ನ ಪುಟ್ಟ ಗುಂಪುಗಳಾಗಿ ಸೇರಿಕೊಂಡಿತ್ತು. ಆದರೆ ಹರಳು ಬಿಟ್ಟು ಹೋಗಿರಲಿಲ್ಲ. ಮದುವೆ ಮನೆಯಲ್ಲಿ ಜನ ಅಲ್ಲಲ್ಲಿ ಗುಂಪು ಕಟ್ಟಿದರೂ ಇಡೀ ಮನೆ ಎಣಿಸಿದರೆ ಲೆಕ್ಕ ಸರಿಯೇ. ವಯಸ್ಸು ಅಳೆಯುವ ಕಿರಣದ ಚುಕ್ಕೆ ಆ ಗುಂಪುಗಳಿಗಿಂತ ಸಾವಿರಾರು ಪಟ್ಟು ದೊಡ್ಡದು.

ಬರೀ ಊಟದ ಹಾಲ್ ಎಣಿಸಿದರೆ? ತಮಾಷೆ ಅಂದರೆ, ನಿಮ್ಮ ‘ಹಳೆಯದಾಗಿ ಕಾಣುತ್ತದೆ’ ಅನ್ನುವ ಮಾತು ನಿಜವಾಗುವುದು ಅಲ್ಲೇ. ಪೂರ್ವ ಅಂಟಾರ್ಕ್ಟಿಕಾದ ನೇಪಿಯರ್ ಬಂಡೆಗಳು ಸುಮಾರು 250 ಕೋಟಿ ವರ್ಷದ ಹಿಂದೆ 1,000 ಡಿಗ್ರಿ ಹತ್ತಿರ ಕಾದವು. ಅಲ್ಲಿನ ಜಿರ್ಕಾನ್‌ನಲ್ಲಿ ಸೀಸ ತೇಪೆ ತೇಪೆಯಾಗಿ ಕೂಡಿದೆ, ಲೋಹದ ಸೀಸದ ಸಣ್ಣ ಗುಂಡುಗಳೂ ಸಿಕ್ಕಿವೆ. ಕಿರಣ ಸೀಸ ಜಾಸ್ತಿ ಇರುವ ಕಡೆ ಬಿದ್ದರೆ ಬರುವ ವಯಸ್ಸು ನಿಜಕ್ಕಿಂತ ಹೆಚ್ಚು. ಅಂದರೆ ನಿಮ್ಮ ಲೇಖನಕ್ಕೆ ಬೇಕಾದ ಸಾಕ್ಷಿ ಇತ್ತು, ನೀವು ಬೇರೆ ಕಡೆ ಹುಡುಕಿದಿರಿ.

ಲಾಲ್‌ಬಾಗ್ ಬಂಡೆಯ ಮೇಲೆ ಆಡಿದ ನೆನಪು ಚೆನ್ನಾಗಿದೆ, ಆದರೆ ಒಂದೂವರೆ ಪುಟ ಆಯಿತು, ಮತ್ತೆ ಆ ಬಂಡೆ ಬರಲೇ ಇಲ್ಲ. ತೆಗೆಯಿರಿ. ಸೀಸ ಎಷ್ಟು ಬೇಗ ಹರಡುತ್ತದೆ ಅನ್ನುವ ‘ವಿಸರಣ ಗುಣಾಂಕ’ದ ಸೂತ್ರವನ್ನೂ ತೆಗೆಯಿರಿ, ಸುಮ್ನೆ ಭಾರ. ಜ್ಯಾಕ್ ಹಿಲ್ಸ್ ಹರಳಿನಿಂದ ಶುರು ಮಾಡಿ, ನೇಪಿಯರ್‌ಗೆ ಬನ್ನಿ. ಎಂಟುನೂರು ಪದ ಸಾಕು. ಶೀರ್ಷಿಕೆಯಲ್ಲಿ ‘ಬುರುಡೆ’ ಬೇಡ.