ಮಗ ಕಲ್ಲು ಹುಡುಕಿಕೊಂಡು ಹೋಗಲಿ ಬಿಡಿ

ಕಾರ್ಕಳದ ಓದುಗರೊಬ್ಬರು ಬರೆದಿದ್ದಾರೆ: "ಮಗನಿಗೆ ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿದೆ. ಕಂಪ್ಯೂಟರ್ ಸೈನ್ಸ್ ಸೀಟು ಸಿಗುತ್ತದೆ. ಅವನು ಮಾತ್ರ ಜಿಯಾಲಜಿ ಓದಿ ಪಳೆಯುಳಿಕೆಗಳ ಮೇಲೆ ಸಂಶೋಧನೆ ಮಾಡುತ್ತೇನೆ ಅನ್ನುತ್ತಾನೆ. ಕಲ್ಲು ಹೆಕ್ಕಿ ಹೊಟ್ಟೆ ತುಂಬುತ್ತದಾ? ನೀವಾದರೂ ಅವನಿಗೆ ನಾಲ್ಕು ಬುದ್ಧಿಮಾತು ಬರೆಯಿರಿ."

ನಿಮ್ಮ ಚಿಂತೆ ಸುಳ್ಳಲ್ಲ. ಈ ದಾರಿಯಲ್ಲಿ ಕೆಲಸ ಕಡಿಮೆ, ಎಂಎಸ್‌ಸಿ ಮುಗಿಸಿ ಯುಪಿಎಸ್‌ಸಿ ನಡೆಸುವ ಭೂವಿಜ್ಞಾನಿಗಳ ಪರೀಕ್ಷೆ ಬರೆಯಬೇಕು, ಪಿಎಚ್‌ಡಿ ಅಂದರೆ ಇನ್ನೂ ಹಲವು ವರ್ಷ. ಒಪ್ಪಿದೆ. ಆದರೆ ಬುದ್ಧಿಮಾತು ಅವನಿಗಲ್ಲ, ನಿಮಗೇ ಬರೆಯುತ್ತೇನೆ, ಬೇಸರ ಮಾಡಬೇಡಿ ಮಾರಾಯ್ರೆ.

ಧನಂಜಯ ಮೊಹಬೆ ಅಂತ ಒಬ್ಬ ಭೂವಿಜ್ಞಾನಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿಎಸ್‌ಐನಲ್ಲಿ ಇದ್ದವರು. 1984ರಲ್ಲಿ ಗುಜರಾತಿನ ಧೋಲಿ ದುಂಗ್ರಿ ಎಂಬಲ್ಲಿ ಡೈನೋಸಾರ್ ಮೊಟ್ಟೆಗಳಿದ್ದ ಒಂದು ಕಲ್ಲು ಅವರಿಗೆ ಸಿಕ್ಕಿತು. ಮೊಟ್ಟೆಗಳ ಪಕ್ಕದಲ್ಲೇ ಸಣ್ಣ ಮೂಳೆಗಳು. ಎಲ್ಲವೂ ಮರಿ ಡೈನೋಸಾರಿನದೇ ಎಂದುಕೊಂಡು 1987ರಲ್ಲಿ ಪ್ರಕಟಿಸಿದರು. 2001ರಲ್ಲಿ ಅಮೆರಿಕದ ಪಳೆಯುಳಿಕೆ ತಜ್ಞ ಜೆಫ್ ವಿಲ್ಸನ್ ಆ ಕಲ್ಲನ್ನು ನೋಡುತ್ತಿದ್ದಾಗ ಕೆಲವು ಬೆನ್ನುಮೂಳೆಗಳು ಹಾವಿನವು ಅಂತ ಗುರುತಿಸಿದರು. ಇಬ್ಬರೂ ಸೇರಿ ಮತ್ತೆ ಕೆಲಸ ಶುರು ಮಾಡಿದರು. 2010ರಲ್ಲಿ ಜಗತ್ತಿಗೆ ಗೊತ್ತಾಯಿತು: ಸುಮಾರು ಮೂರೂವರೆ ಮೀಟರ್ ಉದ್ದದ ಹಾವೊಂದು ಡೈನೋಸಾರ್ ಗೂಡಿಗೆ ನುಗ್ಗಿ, ಆಗಷ್ಟೇ ಹೊರಬಂದ ಮರಿಯ ಪಕ್ಕ ಸುತ್ತಿಕೊಂಡಿದ್ದಾಗಲೇ ಮಣ್ಣಿನಡಿ ಸಿಕ್ಕಿಕೊಂಡಿತ್ತು. 6.7 ಕೋಟಿ ವರ್ಷ ಹಿಂದಿನ ಸಂಗತಿ. ಹಾವಿಗೆ ಸನಾಜೆ ಇಂಡಿಕಸ್ ಅಂತ ಹೆಸರಿಟ್ಟರು. ಕಲ್ಲು ಸಿಕ್ಕಿದ್ದಕ್ಕೂ ಅದರ ಕತೆ ಪೂರ್ತಿ ತಿಳಿದದ್ದಕ್ಕೂ ನಡುವೆ 26 ವರ್ಷ. ಯಾವ ಕಂಪನಿ ಇಷ್ಟು ದಿನ ಕಾಯುತ್ತದೆ, ಹೇಳಿ?

ಕಾಯಲು ಆಗದವರು ಏನು ಮಾಡುತ್ತಾರೆ ಅನ್ನುವುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಪಂಜಾಬ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಪಳೆಯುಳಿಕೆಗಳು ಹಿಮಾಲಯದಲ್ಲಿ ಸಿಕ್ಕವು ಅಂತ ರಾಶಿ ರಾಶಿ ಲೇಖನ ಬರೆದರು. ಅದರಲ್ಲಿ ಕೆಲವು ಮೊರೊಕ್ಕೋ ದೇಶದ ಪಳೆಯುಳಿಕೆಗಳು! 1989ರಲ್ಲಿ ಆಸ್ಟ್ರೇಲಿಯಾದ ಪಳೆಯುಳಿಕೆ ತಜ್ಞ ಜಾನ್ ಟ್ಯಾಲೆಂಟ್ ಇದನ್ನು ಬಯಲಿಗೆಳೆದರು. ಲೇಖನಗಳ ಲೆಕ್ಕ ಹಿಡಿದು ಬಡ್ತಿ ಕೊಡುವ ಚಾಳಿ ಇರುವ ತನಕ ಇಂಥವರು ಹುಟ್ಟುತ್ತಲೇ ಇರುತ್ತಾರೆ. ಅದು ಬೇರೆ ಜಗಳ, ಇಲ್ಲಿಗೆ ಬಿಡುತ್ತೇನೆ.

"ನಮ್ಮ ಊರಲ್ಲಿ ಪಳೆಯುಳಿಕೆ ಎಲ್ಲುಂಟು" ಅಂತಲೂ ಕೇಳಿದ್ದೀರಿ. ನಮ್ಮ ಮುರಕಲ್ಲಿನಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ, ಅಡಿಯ ಹಳೆಯ ಬಂಡೆಯಲ್ಲೂ ಇಲ್ಲ. ಅವನು ಕಛ್, ಅರಿಯಲೂರು, ಸ್ಪಿತಿ ಅಂತ ಅಲೆಯಬೇಕಾದೀತು. ಆದರೆ ಉಡುಪಿಯ ಎಷ್ಟು ದೇವರ ಕೋಣೆಗಳಲ್ಲಿ ಶಾಲಿಗ್ರಾಮ ಇಲ್ಲ? ನೇಪಾಳದ ಗಂಡಕಿ ನದಿಯಿಂದ ಬರುವ, ಒಳಗೆ ಚಕ್ರ ಇರುವ ಆ ಕಪ್ಪು ಕಲ್ಲು ಅಮ್ಮೊನೈಟ್ ಎಂಬ ಕಡಲಜೀವಿಯ ಪಳೆಯುಳಿಕೆ, ಸುಮಾರು 15 ಕೋಟಿ ವರ್ಷ ಹಳೆಯದು. ನಮ್ಮ ಬೊಂಡಾಸಿನ (ಸ್ಕ್ವಿಡ್) ದೂರದ ನೆಂಟ, ಮಡಿಯವರು ಕ್ಷಮಿಸಬೇಕು. ಹಿಮಾಲಯ ಏಳುವ ಮೊದಲು ಅಲ್ಲಿ ಸಮುದ್ರ ಇತ್ತು ಅನ್ನುವುದಕ್ಕೆ ನಾವು ದಿನಾ ಅಭಿಷೇಕ ಮಾಡುವ ಸಾಕ್ಷಿ ಅದು. ಇನ್ನು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ನಾವು ಅಲ್ಲಿ ಸೆಲ್ಫಿ ತೆಗೆದು, ಚಿಪ್ಸ್ ತಿಂದು ಬರುತ್ತೇವೆ, ಅಷ್ಟೆ.

ಹೊಟ್ಟೆಪಾಡಿನ ಮಾತು ಬಿಟ್ಟು, ಊರಿಗೆ ಇದರಿಂದ ಏನು ಅಂತ ಕೇಳಿದರೂ ಉತ್ತರ ಇದೆ. ನಮ್ಮ ಮುರಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣಿನ ಪದರ ಇರುತ್ತದೆ. ಒಣಗಿದ್ದಾಗ ಗಟ್ಟಿ. ಆಟಿಯ ಮಳೆಯಲ್ಲಿ ನೀರು ಕುಡಿದರೆ ಬಲವೇ ಇಲ್ಲ. ಗುಡ್ಡವನ್ನು ನೆಟ್ಟಗೆ ಕಡಿದು, ಮೇಲೊಂದು ಮನೆ, ಕೆಳಗೊಂದು ರಸ್ತೆ ಮಾಡುವಾಗ ಈ ಪದರ ಎಲ್ಲಿದೆ ಅಂತ ಎಷ್ಟು ಜನ ಕೇಳುತ್ತಾರೆ? 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗೆ ಗುಡ್ಡ ಜಾರಿ ಜೀವಗಳು ಹೋದ ಮೇಲೆ ಎಲ್ಲರಿಗೂ ಭೂವಿಜ್ಞಾನಿ ಬೇಕಾಯಿತು. ಮಳೆ ನಿಂತ ಮೇಲೆ ಮರೆತುಹೋಯಿತು. ನಮ್ಮ ಬೀದಿಯಲ್ಲೇ ಇಂಜಿನಿಯರ್ ಒಬ್ಬರು ಬೋರ್‌ವೆಲ್‌ಗೆ ಜಾಗ ತೋರಿಸಲು ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನಡೆಯುವವರನ್ನು ಕರೆಸಿದರು. ನೀರು ಬರಲಿಲ್ಲ. ಜಿಯಾಲಜಿಸ್ಟ್ ಹತ್ತಿರ ಕೇಳಬಹುದಿತ್ತಲ್ಲ ಅಂದರೆ, "ಅವರೆಲ್ಲ ಸುಮ್ನೆ ಪುಸ್ತಕದವರು" ಅಂದರು. ಮಕ್ಕಳನ್ನು ಡಾಕ್ಟರ್, ಇಂಜಿನಿಯರ್, ಇಲ್ಲದಿದ್ದರೆ ಗಲ್ಫ್ ಅಂತ ಮೂರೇ ಬಾಗಿಲಲ್ಲಿ ನೂಕುವ ಜಿಲ್ಲೆ ನಮ್ಮದು. ಇಷ್ಟೊಂದು ಕಾಲೇಜು ಇಟ್ಟುಕೊಂಡು ಕಾಲಡಿಯ ನೆಲ ಓದುವವರನ್ನು ಕಂಡರೆ ನಗುತ್ತೇವೆ.

ನಿಮ್ಮ ಮಗ ಹದಿನೆಂಟಕ್ಕೇ ತನಗೆ ಏನು ಬೇಕು ಅಂತ ಬಾಯಿಬಿಟ್ಟು ಹೇಳಿದ್ದಾನೆ. ಅಷ್ಟು ಧೈರ್ಯ ಇರುವ ಹುಡುಗನನ್ನು ಬೆಳೆಸಿದ್ದು ನೀವೇ ಅಲ್ವಾ? ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಸಾಗರ ಭೂವಿಜ್ಞಾನ ವಿಭಾಗ ಇದೆ. ಸೀಟಿಗೆ ದುಡ್ಡು ಕಟ್ಟುವ ಮೊದಲು ಒಂದು ದಿನ ಅವನ ಜೊತೆ ಅಲ್ಲಿಗೆ ಹೋಗಿ ಬನ್ನಿ. ಸಂಬಳ ಎಷ್ಟು, ಕೆಲಸ ಎಲ್ಲಿ, ಎಲ್ಲವನ್ನೂ ಸಂಕೋಚ ಇಲ್ಲದೆ ಕೇಳಿ. ನನಗಿಂತ ಅವರಿಗೆ ಜಾಸ್ತಿ ಗೊತ್ತು.

— ಸಂಪಾದಕ