ತರಗು ಸುಡಲೇಬೇಕಾ?

ಪ್ರಶ್ನೆ: ಕೂಳೆ ಕಬ್ಬಿನ (ಕಟಾವಾದ ಬುಡದಿಂದ ಮತ್ತೆ ಚಿಗುರುವ ಬೆಳೆ) ತರಗು, ಅಂದರೆ ಒಣಗಿದ ಗರಿ, ಸುಡಬೇಡಿ ಅನ್ನುತ್ತಾರೆ. ಸುಡದಿದ್ದರೆ ನೀರು ಹರಿಯುವುದಿಲ್ಲ, ಹಾವಿನ ಕಾಟ ಬೇರೆ. ಏನು ಮಾಡಲಿ?
– ಓದುಗರೊಬ್ಬರು, ಪಾಂಡವಪುರ

ಉತ್ತರ: ನೀರಿನ ತೊಂದರೆ ನಿಜ. ಅದಕ್ಕೇ ಒಂದು ಸಾಲು ಬಿಟ್ಟು ಒಂದು ಸಾಲಿಗೆ ತರಗು ತುಂಬಿ, ಖಾಲಿ ಸಾಲಲ್ಲಿ ನೀರು ಹಾಯಿಸಿ. ನಮ್ಮ ಗದ್ದೆಯಲ್ಲಿ ಹೀಗೇ ಮಾಡುವುದು. ಕಳೆ ಕೀಳುವ ಕೂಲಿ ಉಳಿಯುತ್ತದೆ, ತೇವವೂ ಬೇಗ ಆರುವುದಿಲ್ಲ. ಎಕರೆಗೆ ಸುಮಾರು 3-4 ಟನ್ ತರಗು ಸಿಗುತ್ತದೆ. ಸುಟ್ಟರೆ ಬೂದಿಯಲ್ಲಿ ಪೊಟ್ಯಾಷ್ ಉಳಿದೀತು, ಸಾರಜನಕ ಮಾತ್ರ ಹೊಗೆಯ ಜೊತೆ ಹೋಯಿತು. ಆಮೇಲೆ ಅದನ್ನೇ ದುಡ್ಡು ಕೊಟ್ಟು ಯೂರಿಯಾ ಚೀಲದಲ್ಲಿ ತರುತ್ತೇವೆ, ಅಲ್ವಾ? ತರಗು ಸುಮ್ನೆ ಬಿಟ್ಟರೆ ನಿಧಾನಕ್ಕೆ ಕೊಳೆಯುತ್ತದೆ. ತೇವ ಇದ್ದಾಗ ಸಗಣಿ ಬಗ್ಗಡ, ಸ್ವಲ್ಪ ಯೂರಿಯಾ ಎರಚಿ. ಹಾವಿಗೆ ಬೂಟು, ಟಾರ್ಚು ಸಾಕು. ಬೆಂಕಿ ಪಕ್ಕದವರ ಕಬ್ಬಿಗೆ ಹಾರಿದರೆ ಪಂಚಾಯ್ತಿ ಇನ್ನೂ ಜಾಸ್ತಿ!