ಬಿ1 ಪೋರ್ಚುಗೀಸ್ ಸಂಜೆ ಕ್ಲಾಸು: ಇಂಗ್ಲಿಷ್ ಪಕ್ಕಕ್ಕಿಡಿ, ಕನ್ನಡದಿಂದ ಹೋಗಿ

ನಮಸ್ಕಾರ ಮೇಡಂ. ನಿಮ್ಮ ಪ್ರಶ್ನೆ ಓದಿದೆ. ಲಿಸ್ಬನ್ ಪಕ್ಕದ ಅಮದೋರದಲ್ಲಿ ಇದ್ದೀರಿ. ಎ2 (ಯುರೋಪಿನ ಭಾಷಾ ಮಟ್ಟಗಳಲ್ಲಿ ಎರಡನೆಯದು) ಮುಗಿಸಿ, ಈಗ ಕೆಲಸ ಮುಗಿಸಿಕೊಂಡು ಅದರ ಮೇಲಿನ ಬಿ1 ಸಂಜೆ ಕ್ಲಾಸಿಗೆ ಹೋಗುತ್ತಿದ್ದೀರಿ. ಪುಸ್ತಕ ಓದಿದರೆ ಅರ್ಥ ಆಗುತ್ತದೆ, ಅಂಗಡಿಯವರು ಬಾಯಿ ತೆರೆದರೆ ಏನೂ ತಿಳಿಯುವುದಿಲ್ಲ. ಪೋರ್ಚುಗೀಸಿನ ಎರಡು ಭೂತಕಾಲಗಳೂ ಗೊಂದಲ. ಕ್ಲಾಸಿನಲ್ಲಿ ಸ್ಪೇನಿನವರು, ಇಟಲಿಯವರು ಮುಂದೆ ಓಡುತ್ತಿದ್ದಾರೆ. ಮತ್ತೆ ಎ2ಗೆ ಹೋಗಲೇ, ಇಲ್ಲ ಬಿಟ್ಟೇ ಬಿಡಲೇ ಅಂತ ಕೇಳಿದ್ದೀರಿ.

ಬಿಡಬೇಡಿ. ಎ2ಗೂ ವಾಪಸ್ ಹೋಗಬೇಡಿ. ನಿನ್ನೆ ಏನು ಮಾಡಿದಿರಿ ಅಂತ ಐದಾರು ಸರಳ ವಾಕ್ಯದಲ್ಲಿ ಹೇಳೋಕೆ ಬರುತ್ತದೆ ಅಂದರೆ ನಿಮ್ಮ ಜಾಗ ಬಿ1ರಲ್ಲೇ. ಅದಕ್ಕೂ ತಡವರಿಸಿದರೆ ಮಾತ್ರ ಎ2 ಇನ್ನೊಮ್ಮೆ ಮಾಡಿ. ಸ್ಪೇನಿನವರ ಜೊತೆ ಹೋಲಿಸಿಕೊಳ್ಳುವುದು ಸರಿಯಲ್ಲ. ಅವರ ಭಾಷೆ ಪೋರ್ಚುಗೀಸಿಗೆ ಅಕ್ಕತಂಗಿ ಇದ್ದ ಹಾಗೆ, ಅರ್ಧ ಪದ ಮನೆಯಿಂದಲೇ ತಂದಿರುತ್ತಾರೆ. ಆದರೆ ಎರಡೂ ಬೆರೆತುಹೋಗಿ ಅವರ ತಪ್ಪುಗಳು ವರ್ಷಗಟ್ಟಲೆ ಹಾಗೇ ಉಳಿಯುತ್ತವೆ. ನಾವು ನಿಧಾನ ಬರುತ್ತೇವೆ, ಆದರೆ ಕಲಿತದ್ದು ಬೆರೆತುಹೋಗುವುದಿಲ್ಲ.

ಮೊದಲು ಕಿವಿಯ ವಿಷಯ, ಯಾಕೆಂದರೆ ನಿಮ್ಮ ತೊಂದರೆ ಅಲ್ಲೇ ಇದೆ. ಪೋರ್ಚುಗಲ್ಲಿನ ಜನ ಒತ್ತಿಲ್ಲದ ಸ್ವರಗಳನ್ನು ನುಂಗುತ್ತಾರೆ. ಬರೆಯುವುದು 'ಟೆಲೆಫೋನೆ', ಕೇಳುವುದು 'ತ್ಲ್‌ಫೋನ್'. ಬರೆಯುವುದು 'ಎಸ್ಟಾ', ಕೇಳುವುದು 'ಶ್ಟಾ', ಅವಸರದಲ್ಲಿ ಬರೀ 'ತಾ'. ಪದದ ಕೊನೆಯ ಸ ಸಾಮಾನ್ಯವಾಗಿ ಶ ಆಗುತ್ತದೆ. ನಾವೋ ಕನ್ನಡದವರು, ಪ್ರತಿ ಅಕ್ಷರಕ್ಕೂ ಸ್ವರ ತುಂಬಿ ಹೇಳಿ ಬೆಳೆದವರು. ನಮ್ಮ ಕಿವಿ ಆ ಸ್ವರಗಳನ್ನು ಕಾಯುತ್ತಾ ಕೂತಿರುತ್ತದೆ, ಅಷ್ಟರಲ್ಲಿ ವಾಕ್ಯ ಮುಗಿದಿರುತ್ತದೆ. ನಿಮಗೆ ಪದ ಗೊತ್ತಿಲ್ಲ ಅಂತಲ್ಲ, ಗೊತ್ತಿರುವ ಪದವೇ ಕಿವಿಗೆ ಗುರುತು ಸಿಗುತ್ತಿಲ್ಲ.

ಇದಕ್ಕೆ ನಾನು ಎಲ್ಲರಿಗೂ ಹೇಳುವುದು ಉಕ್ತಲೇಖನ, ಅದೂ ಕನ್ನಡ ಲಿಪಿಯಲ್ಲಿ. ಒಂದು ನಿಮಿಷದ ಆಡಿಯೋ ತಗೊಳ್ಳಿ. ಸುಮ್ನೆ ಒಮ್ಮೆ ಕೇಳಿ. ಆಮೇಲೆ ನಿಲ್ಲಿಸಿ ನಿಲ್ಲಿಸಿ, ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಕನ್ನಡದಲ್ಲಿ ಬರೆಯಿರಿ. ಸ್ಪೆಲ್ಲಿಂಗ್ ಯೋಚಿಸಬೇಡಿ. ಕೊನೆಗೆ ಅದರ ಲಿಖಿತ ಪಠ್ಯ ತೆಗೆದು ಪಕ್ಕದಲ್ಲಿಟ್ಟು ನೋಡಿ. ಎಲ್ಲಿ ಸ್ವರ ಮಾಯವಾಯಿತು, ಎಲ್ಲಿ ಎರಡು ಪದ ಅಂಟಿಕೊಂಡವು ಅಂತ ಕಣ್ಣಿಗೇ ಕಾಣುತ್ತದೆ. ನಮ್ಮ ಲಿಪಿಯಲ್ಲಿ ಶ ಇದೆ, ಞ ಇದೆ, ಒತ್ತಕ್ಷರ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಈ ಕೆಲಸ ಆಗುವುದಿಲ್ಲ. ಒಂದೇ ಕೊರತೆ: ಬಾಯಿ ಅಗಲ ಮಾಡಿ ಹೇಳುವ ಎ, ಒ ಮತ್ತು ಕಿರಿದು ಮಾಡಿ ಹೇಳುವ ಎ, ಒ ನಮ್ಮಲ್ಲಿ ಬೇರೆ ಬೇರೆ ಇಲ್ಲ. ನಮ್ಮದು ಬರೀ ಗಿಡ್ಡ, ಉದ್ದ. ಅಜ್ಜಿಗೂ ಅಜ್ಜನಿಗೂ 'ಅವೊ' ಅಂತಲೇ ಹೇಳುತ್ತಾರೆ, ವ್ಯತ್ಯಾಸ ಆ ಒಂದು ಸ್ವರದಲ್ಲಿ ಮಾತ್ರ. ಅಜ್ಜಿಯದು ಅಗಲ, ಅಜ್ಜನದು ಕಿರಿದು. ಅಗಲ ಸ್ವರದ ಕೆಳಗೆ ಒಂದು ಗೆರೆ ಎಳೆಯುವ ಅಭ್ಯಾಸ ಮಾಡಿಕೊಳ್ಳಿ.

ಆಡಿಯೋ ಎಲ್ಲಿಂದ ತರುವುದು? ಯಾವುದಾದರೂ ಸರಿ, ಆದರೆ ಪೋರ್ಚುಗಲ್ಲಿನದೇ ಇರಲಿ. ಡುಯೊಲಿಂಗೊ ಆ್ಯಪ್ ಕಲಿಸುವುದು ಬ್ರೆಜಿಲ್ಲಿನ ಪೋರ್ಚುಗೀಸ್. ಅದು ಸುಂದರ ಭಾಷೆ, ಸ್ವರಗಳೂ ಸ್ಪಷ್ಟ, ಆದರೆ ಅಮದೋರದ ಅಂಗಡಿಯಲ್ಲಿ ನಿಮಗೆ ಬೇಕಾದ ಕಿವಿ ಅದಲ್ಲ. ಪದಗಳೂ ಬೇರೆ: ಬಸ್ಸಿಗೆ ಅಲ್ಲಿ 'ಓನಿಬುಸ್', ಇಲ್ಲಿ 'ಔತುಕಾರು'. ಟ್ರೇನಿಗೆ ಇಲ್ಲಿ 'ಕೊಂಬೊಯು'. ಸರ್ಕಾರಿ ವಾಹಿನಿ ಆರ್‌ಟಿಪಿಯ ಆರ್‌ಟಿಪಿ ಪ್ಲೇ ಅನ್ನುವ ಆನ್‌ಲೈನ್ ಸೇವೆ ಪುಕ್ಕಟೆ ಸಿಗುತ್ತದೆ. ರೇಡಿಯೋ ಅಂತೇನಾ 1 ಕೂಡ ಅಲ್ಲೇ ಇದೆ. ರಾತ್ರಿ 8 ಗಂಟೆಯ 'ತೆಲೆಜೊರ್ನಾಲ್' ವಾರ್ತೆ ಒಳ್ಳೆಯದು, ಯಾಕೆಂದರೆ ಸುದ್ದಿ ಏನು ಅಂತ ನಿಮಗೆ ಮೊದಲೇ ಅರ್ಧ ಗೊತ್ತಿರುತ್ತದೆ. ನಿಮ್ಮ ಕ್ಲಾಸಿನ ಪುಸ್ತಕಕ್ಕೆ ಆಡಿಯೋ ಇದ್ದರೆ ಅದನ್ನೇ ಮೊದಲು ಅರೆಯಿರಿ, ಅದರ ಪಠ್ಯ ಸಾಮಾನ್ಯವಾಗಿ ಪುಸ್ತಕದ ಕೊನೆಯ ಪುಟಗಳಲ್ಲಿ ಇರುತ್ತದೆ. ಮೆಟ್ರೋದಲ್ಲಿ ಹೋಗುವಾಗ ಹೆಡ್‌ಫೋನ್ ತೆಗೆದು ಘೋಷಣೆ ಕೇಳಿ. 'ಮುಂದಿನ ನಿಲ್ದಾಣ ಅಲಮೇದ' ಅಂತ ಹೇಳಿ, ಕೆಂಪು ಲೈನಿಗೆ ಇಲ್ಲಿ ಬದಲಾಯಿಸಿ ಅನ್ನುವ ಆ ಒಂದು ವಾಕ್ಯದಲ್ಲೇ ಮೂರ್ನಾಲ್ಕು ಸ್ವರ ನುಂಗಿರುತ್ತಾರೆ. ಸಿನಿಮಾ ಇಷ್ಟವಾದರೆ ಇನ್ನೊಂದು ಅನುಕೂಲ: ಇಲ್ಲಿ ಹೊರಗಿನ ಸಿನಿಮಾಗಳನ್ನು ಸಾಮಾನ್ಯವಾಗಿ ಡಬ್ ಮಾಡುವುದಿಲ್ಲ, ಕೆಳಗೆ ಪೋರ್ಚುಗೀಸ್ ಅಕ್ಷರ ಹಾಕುತ್ತಾರೆ. ಅದು ಓದಿಗೆ ಆಗುತ್ತದೆ, ಕಿವಿಗಲ್ಲ.

(ಪೋರ್ಟೊ ಕಡೆ ಹೋದರೆ ಗಾಬರಿಯಾಗಬೇಡಿ. ಅಲ್ಲಿನವರು ವ ಅನ್ನು ಬ ಅನ್ನುತ್ತಾರೆ. ವಾರದೊಳಗೆ ಕಿವಿಗೆ ಹೊಂದಿಕೊಳ್ಳುತ್ತದೆ.)

ಇನ್ನು ವ್ಯಾಕರಣ. ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೇ. ನಾವೆಲ್ಲ ಪೋರ್ಚುಗೀಸನ್ನು ಇಂಗ್ಲಿಷಿನ ಮೂಲಕ ಕಲಿಯುತ್ತೇವೆ. ಮೇಷ್ಟ್ರು ಇಂಗ್ಲಿಷಿನಲ್ಲಿ ವಿವರಿಸುತ್ತಾರೆ, ನಾವು ಇಂಗ್ಲಿಷಿನಲ್ಲಿ ನೋಟ್ಸ್ ಬರೆಯುತ್ತೇವೆ. ಬಿ1ರಲ್ಲಿ ಬರುವ ವಿಷಯಗಳಿಗೆ ಇಂಗ್ಲಿಷ್ ಹತ್ತಿರದ ದಾರಿಯಲ್ಲ. ಕನ್ನಡ ಹತ್ತಿರ.

ಎರಡು ಭೂತಕಾಲ ಗೊಂದಲ ಅಂದಿರಿ. 'ಫುಯ್' ಅಂದರೆ ಹೋದೆ. 'ಈಯ' ಅಂದರೆ ಹೋಗುತ್ತಿದ್ದೆ. ಅಷ್ಟೇ. 'ಚಿಕ್ಕವಳಿದ್ದಾಗ ಬೀಚಿಗೆ ಹೋಗುತ್ತಿದ್ದೆ' ಅನ್ನೋಕೆ ನೀವು ಕನ್ನಡದಲ್ಲಿ ಒಂದು ಕ್ಷಣ ಯೋಚಿಸುತ್ತೀರಾ? ಇಲ್ಲ ಅಲ್ವಾ? ಆ ತೀರ್ಮಾನವನ್ನೇ ಪೋರ್ಚುಗೀಸಿಗೂ ಬಳಸಿ, ಹೆಚ್ಚಿನ ಕಡೆ ಸರಿಯಾಗುತ್ತದೆ. ಪಾಸ್ತೆಲರಿಯ (ಕಾಫಿ, ಸಿಹಿ ತಿಂಡಿ ಸಿಗುವ ಬೇಕರಿ) ಕೌಂಟರಿನಲ್ಲಿ ಮರ್ಯಾದೆಯಿಂದ ಕಾಫಿ ಕೇಳುವಾಗ 'ಕ್ರೀಯ ಉಂ ಕಫೆ' ಅನ್ನುತ್ತಾರೆ. ಅದೂ ಇದೇ ಭೂತಕಾಲವೇ. ನಮ್ಮ 'ಒಂದು ಕಾಫಿ ಬೇಕಿತ್ತು' ಇದ್ದ ಹಾಗೆ.

'ನನಗೆ' ಅಂತ ಶುರುವಾಗುವ ವಾಕ್ಯಗಳೂ ಹಾಗೆಯೇ. ನನಗೆ ತಲೆ ನೋಯುತ್ತಿದೆ: 'ದೋಯ್-ಮ್ ಅ ಕಬೇಸ'. ನನಗೆ ಅನಿಸುತ್ತದೆ: 'ಪರೆಸ್-ಮ್'. ನನಗೆ ಕಾಫಿ ಕುಡಿಯೋಣ ಅನಿಸುತ್ತಿದೆ: 'ಅಪ್ತೆಸ್-ಮ್ ಉಂ ಕಫೆ'. ಇಂಗ್ಲಿಷಿನವರು ಇದನ್ನು ತಿರುಗಿಸಿ ತಿರುಗಿಸಿ ಕಲಿಯಬೇಕು. ನಮ್ಮ ತಲೆಯಲ್ಲಿ ಈ ಜೋಡಣೆ ಹುಟ್ಟಿನಿಂದಲೇ ಇದೆ.

ಆದರೆ ನನಗೆ ನಿಜಕ್ಕೂ ಸಂತೋಷ ಕೊಡುವುದು ಎಲ್ಲರೂ ಹೆದರುವ 'ಫುತೂರು ದು ಕೊಂಜುಂತಿವು', ಅಂದರೆ ಮುಂದೆ ಹೀಗಾದರೆ, ಹೀಗಾದಾಗ ಅನ್ನೋಕೆ ಬಳಸುವ ಕ್ರಿಯಾಪದದ ರೂಪ. 'ಸಮಯ ಸಿಕ್ಕರೆ ಬರುತ್ತೇನೆ' ಅನ್ನುವುದನ್ನು 'ಸ್ ತಿವೆರ್ ತೇಂಪು, ವೋ' ಅನ್ನುತ್ತಾರೆ. ಈ 'ತಿವೆರ್' ಬಂದದ್ದು ಎಲ್ಲಿಂದ? ಭೂತಕಾಲದ 'ತಿವೆರಾಂವ್' ರೂಪದಿಂದ, ಬಾಲ ಕತ್ತರಿಸಿ. 'ಫಿಜೆರಾಂವ್' (ಮಾಡಿದರು) ಇಂದ 'ಫಿಜೆರ್', 'ಫೋರಾಂವ್' (ಹೋದರು) ಇಂದ 'ಫೋರ್', 'ವಿಯೆರಾಂವ್' (ಬಂದರು) ಇಂದ 'ವಿಯೆರ್'. ಮುಂದೆ ಆಗುವ ಮಾತಿಗೆ ಹಿಂದಿನ ಕಾಲದ ರೂಪ ಯಾಕೆ ಅಂತ ಕ್ಲಾಸಿನಲ್ಲಿ ಎಲ್ಲರೂ ಕೇಳುತ್ತಾರೆ. ಈಗ ಕನ್ನಡ ನೋಡಿ. ಸಿಕ್ಕ, ಸಿಕ್ಕರೆ. ಬಂದ, ಬಂದರೆ. ಮಾಡಿದ, ಮಾಡಿದರೆ. ನಾವೂ ನಾಳೆಯ ಮಾತನ್ನು ಭೂತಕಾಲದ ಮೇಲೆಯೇ ಕಟ್ಟುತ್ತೇವೆ. 'ನಾಳೆ ಬಂದಾಗ ಹೇಳ್ತೀನಿ' ಅನ್ನುತ್ತೇವೆ, ಅದರಲ್ಲೂ 'ಬಂದ' ಇದೆ. ಹಾಗಾಗಿ ಮುಂದಿನ ವಿಷಯಕ್ಕೆ ಕನ್ನಡದಲ್ಲಿ 'ರೆ' ಅಥವಾ 'ದಾಗ' ಬಂದ ಕಡೆ ಪೋರ್ಚುಗೀಸಿನಲ್ಲಿ ಈ ರೂಪ ಹಾಕಿ ನೋಡಿ. ಅಭ್ಯಾಸಕ್ಕೆ ದಿನವೂ ಕನ್ನಡದಲ್ಲಿ ಒಂದು 'ರೆ' ವಾಕ್ಯ ಹೇಳಿ, ಅದನ್ನು ಪೋರ್ಚುಗೀಸಿನಲ್ಲಿ ಹೇಳಿ. ಇದಕ್ಕೆ ಬೇರೆ ಪುಸ್ತಕ ಬೇಡ.

ಕನ್ನಡ ಕೈ ಕೊಡುವ ಜಾಗಗಳೂ ಇವೆ. ವಸ್ತುಗಳ ಲಿಂಗ ಒಂದು. ನಮಗೆ ಮೇಜು, ಪುಸ್ತಕ ಎಲ್ಲ 'ಅದು'. ಅಲ್ಲಿ 'ಅ ಮೇಜ' (ಮೇಜು ಸ್ತ್ರೀಲಿಂಗ), 'ಉ ಲೀವ್ರು' (ಪುಸ್ತಕ ಪುಲ್ಲಿಂಗ). ಪದವನ್ನು ಒಂಟಿಯಾಗಿ ಕಲಿಯಬೇಡಿ, ಅದರ ಮೊದಲಿಗೆ ಬರುವ ಅ ಅಥವಾ ಉ ಸೇರಿಸಿಯೇ ಕಲಿಯಿರಿ. ಇನ್ನೊಂದು ವರ್ತಮಾನದ 'ಕೊಂಜುಂತಿವು'. 'ನೀನು ಬರಬೇಕು ಅಂತ ಆಸೆ', 'ಬಹುಶಃ ಮಳೆ ಬರಬಹುದು' ಇಂಥ ಕಡೆ ಬರುತ್ತದೆ. ಇಲ್ಲಿ ಬಾಯಿಪಾಠವೇ ಗತಿ. 'ನಾನು' ರೂಪ ತಗೊಂಡು ಕೊನೆಯ ಸ್ವರ ಬದಲಿಸಿ: 'ತೇಞು' (ನನ್ನ ಹತ್ತಿರ ಇದೆ) ಇಂದ 'ತೇಞ', 'ಫಾಸು' (ಮಾಡುತ್ತೇನೆ) ಇಂದ 'ಫಾಸ', 'ದೀಗು' (ಹೇಳುತ್ತೇನೆ) ಇಂದ 'ದೀಗ'. ಅಂಗಡಿಯವರು 'ದೀಗ' ಅಂತ ನಿಮ್ಮ ಮುಖ ನೋಡುತ್ತಾರಲ್ಲ, ಏನು ಬೇಕು ಹೇಳಿ ಅಂತ, ಅದೇ ಇದು. ಈ ನಿಯಮಕ್ಕೆ ಸಿಗದ ಕ್ರಿಯಾಪದಗಳು ಏಳೇ: ಸೇರ್ ಮತ್ತು ಶ್ಟಾರ್ (ಎರಡೂ 'ಇರು'), ಈರ್ (ಹೋಗು), ದಾರ್ (ಕೊಡು), ಸಬೇರ್ (ತಿಳಿದಿರು), ಕ್ರೇರ್ (ಬೇಕೆನ್ನು), ಅವೇರ್ ('ಇದೆ' ಅನ್ನೋಕೆ). ಅವುಗಳ ರೂಪ ಫ್ರಿಡ್ಜಿನ ಮೇಲೆ ಅಂಟಿಸಿ.

ಮರ್ಯಾದೆಯ ಮಾತು ಒಂದು ಹೇಳಲೇಬೇಕು. 'ವೊಸೇ' ಅನ್ನುವುದನ್ನು 'ನೀವು' ಅಂದುಕೊಂಡು ಎಲ್ಲರಿಗೂ ಹೇಳಬೇಡಿ. ಬ್ರೆಜಿಲ್ಲಿನಲ್ಲಿ ನಡೆಯುತ್ತದೆ, ಪೋರ್ಚುಗಲ್ಲಿನಲ್ಲಿ ಎಷ್ಟೋ ಜನರಿಗೆ ಒರಟಾಗಿ ಕೇಳಿಸುತ್ತದೆ. ಹಿರಿಯರಿಗೆ, ಕಚೇರಿಯವರಿಗೆ 'ಉ ಸಿಞೋರ್', 'ಅ ಸಿಞೋರ' ಅನ್ನಿ. ಇಲ್ಲವೇ ಹೆಸರಿಟ್ಟು 'ಅ ಆನ ಕೆರ್ ಕಫೆ?' ಅನ್ನಿ. ನಾವು ಎದುರಿಗಿದ್ದವರನ್ನೇ 'ಸಾರ್ ಕಾಫಿ ತಗೋತಾರಾ?' ಅಂತ ಕೇಳುವುದಿಲ್ಲವೇ, ಹಾಗೆ. ಕ್ಲಾಸಿನ ಗೆಳೆಯರಿಗೆ, ಮಕ್ಕಳಿಗೆ 'ತು' ಸಾಕು.

ಈಗ ಸಂಜೆ ಕ್ಲಾಸನ್ನು ಹೇಗೆ ಬಳಸುವುದು ಅಂತ. ಏಳು ಗಂಟೆಗೆ ಖಾಲಿ ಹೊಟ್ಟೆಯಲ್ಲಿ ಹೋದರೆ ಎಂಟಕ್ಕೆ ತಲೆ ನಿಲ್ಲುತ್ತದೆ, ಏನಾದರೂ ತಿಂದು ಹೋಗಿ. ಅಭ್ಯಾಸದ ಖಾಲಿ ಜಾಗ ತುಂಬುವುದು, ಪದ ಹುಡುಕುವುದು ಮನೆಯಲ್ಲಿ ಮುಗಿಸಿ. ಕ್ಲಾಸಿನ ಸಮಯವನ್ನೆಲ್ಲ ಮಾತಿಗೆ ಇಡಿ, ಯಾಕೆಂದರೆ ತಪ್ಪು ತಿದ್ದುವ ಮನುಷ್ಯ ಸಿಗುವುದು ಅಲ್ಲಿ ಮಾತ್ರ. ವಿರಾಮದಲ್ಲಿ ನೇಪಾಳದವರ, ಬಾಂಗ್ಲಾದವರ ಜೊತೆ ಹಿಂದಿಗೆ ಜಾರಬೇಡಿ. ಅವರಿಗೂ ಪೋರ್ಚುಗೀಸ್ ಅಭ್ಯಾಸ ಬೇಕು. ಹಣದ ಕಷ್ಟ ಇದ್ದರೆ ಸರ್ಕಾರದ 'ಪುರ್ತುಗೇಶ್ ಲಿಂಗ್ವ ದ್ ಅಕುಲ್ಯಿಮೆಂತು' ಕ್ಲಾಸುಗಳು ಉಚಿತ. ವಲಸೆ ಬಂದವರಿಗೆಂದೇ ಸರ್ಕಾರಿ ಶಾಲೆಗಳಲ್ಲಿ, ಉದ್ಯೋಗ ತರಬೇತಿ ಕೇಂದ್ರಗಳಲ್ಲಿ ನಡೆಯುತ್ತವೆ. ಬಿ1, ಬಿ2 ಸೇರಿಸಿದ ತಂಡವೂ ಇರುತ್ತದೆ.

ಹೊರಗೆ ನೀವು ತಡವರಿಸಿದ ಕೂಡಲೇ ಅವರು ಇಂಗ್ಲಿಷಿಗೆ ಹೊರಳುತ್ತಾರೆ. ಅದು ಅವಮಾನ ಅಲ್ಲ, ಸಹಾಯ ಮಾಡಲು ಹೊರಟಿದ್ದಾರೆ. ನಗುತ್ತಾ 'ಪುದೇಮುಶ್ ಫಲಾರ್ ಐಂ ಪುರ್ತುಗೇಶ್? ಶ್ಟೋ ಆಪ್ರೆಂದೇರ್' ಅನ್ನಿ: ಪೋರ್ಚುಗೀಸಿನಲ್ಲೇ ಮಾತಾಡೋಣವಾ, ಕಲೀತಾ ಇದ್ದೀನಿ ಅಂತ. ಬಹಳ ಜನ ಖುಷಿಯಿಂದ ಒಪ್ಪುತ್ತಾರೆ. ಗರ್ದಿ ಇರುವ ಬೆಳಗಿನ ಹೊತ್ತು ಬೇಡ, ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಹೋಗಿ. ಯೋಚಿಸುವಾಗ ಸುಮ್ಮನಿರಬೇಡಿ, 'ಪೋಯ್ಶ್', 'ಪ್ರೊಂತು' (ನಮ್ಮ 'ಹೌದು', 'ಸರಿ' ಇದ್ದ ಹಾಗೆ) ಅಂತ ಏನಾದರೂ ಹೇಳುತ್ತಿರಿ. ಮಾತು ನಿಮ್ಮ ಕೈಯಲ್ಲೇ ಉಳಿಯುತ್ತದೆ.

ಪೋರ್ಚುಗೀಸ್ ಭಾಷಾ ಪರೀಕ್ಷೆ ಬಗ್ಗೆ ಇನ್ನೊಬ್ಬರು ಕೇಳಿದ್ದರು. ಅದನ್ನು ಲಿಸ್ಬನ್ ವಿಶ್ವವಿದ್ಯಾಲಯದ ಕಾಪ್ಲ್ (ಹೊರಗಿನವರ ಪೋರ್ಚುಗೀಸ್ ಅಳೆಯುವ) ಕೇಂದ್ರ ನಡೆಸುತ್ತದೆ. ಎ2 ಮಟ್ಟದ್ದು ಸಿಪ್ಲ್, ಬಿ1 ಮಟ್ಟದ್ದು ದೆಪ್ಲ್. ಪಾಸಾಗಲು ನೂರಕ್ಕೆ 55 ಬೇಕು. ಆದರೆ ದೆಪ್ಲ್ ಸಲುವಾಗಿಯೇ ಓದಬೇಡಿ. ಕಿವಿ ತೆರೆದುಕೊಂಡರೆ ಆ ಅಂಕ ಬರುತ್ತದೆ.

ನಿಮ್ಮ ಕ್ಲಾಸಿನಲ್ಲಿ ಈಗ ಯಾವ ಪಾಠ ನಡೆಯುತ್ತಿದೆ ಅಂತ ಇಲ್ಲೇ ಬರೆಯಿರಿ ಮೇಡಂ. ಅದಕ್ಕೆ ಹೊಂದುವ ಕನ್ನಡ ವಾಕ್ಯಗಳನ್ನು ಮಾಡಿ ಹಾಕುತ್ತೇನೆ. ನೀವು ಪೋರ್ಚುಗೀಸಿನಲ್ಲಿ ಬರೆದು ತೋರಿಸಿ, ಎಲ್ಲರೂ ಸೇರಿ ತಿದ್ದೋಣ.